ಬಾಳಿಕೆ ಬರುವ ಶಾಲೆ

ಜೂನ್ ತಿಂಗಳ ಒಂದು ಮಧ್ಯಾಹ್ನ. ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಬಿದಿರುಕೋಲು ನೆಟ್ಟು ಏಳನೇ ತರಗತಿಯ ಹನ್ನೊಂದು ಮಕ್ಕಳು ಸುತ್ತ ನಿಂತಿದ್ದರು. ಗಡಿಯಾರದಲ್ಲಿ 12 ಗಂಟೆ 20 ನಿಮಿಷ ದಾಟುವ ಹೊತ್ತಿಗೆ ಕೋಲಿನ ನೆರಳು ಎಲ್ಲಕ್ಕಿಂತ ಗಿಡ್ಡವಾಯಿತು. ಅಳೆದರೆ ಸುಮಾರು 20 ಸೆಂಟಿಮೀಟರ್. ಮಕ್ಕಳಿಗೆ ಅಚ್ಚರಿಯಾದದ್ದು ಅಳತೆಯಿಂದಲ್ಲ, ದಿಕ್ಕಿನಿಂದ. ನೆರಳು ದಕ್ಷಿಣಕ್ಕೆ ಬಿದ್ದಿತ್ತು.

"ಹಂಗಾದ್ರೆ ಸೂರ್ಯ ಬಡಗಲ ಕಡೆ ಅವ್ನಾ ಸಾ?" ಎಂದು ಒಬ್ಬ ಹುಡುಗ ಕೇಳಿದ.

ಹೌದು, ಇದ್ದಾನೆ. ನಮ್ಮ ತಾಳವಾಡಿ ಸೀಮೆ ಭೂಮಧ್ಯರೇಖೆಯಿಂದ ಹನ್ನೆರಡು ಡಿಗ್ರಿಗಿಂತ ತುಸು ಕಡಿಮೆ ಉತ್ತರದಲ್ಲಿದೆ. ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದ ನಾನು ಇದನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆ. ಅಂಗಳದಲ್ಲಿ ನಿಂತು ನೋಡಿದ್ದು ಅಂದೇ ಮೊದಲು.

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗಿನ ಮಾತಿದು. ವಿಜ್ಞಾನ ಪ್ರದರ್ಶನವೊಂದಕ್ಕೆ ಮಕ್ಕಳು 'ಭವಿಷ್ಯದ ಸುಸ್ಥಿರ ಶಾಲೆ'ಯ ನಕ್ಷೆ ಮತ್ತು ಮಾದರಿ ಮಾಡಿ ತರಬೇಕೆಂದು ಸುತ್ತೋಲೆ ಬಂದಿತ್ತು. ಆ ಕೆಲಸ ನಮ್ಮ ಮಕ್ಕಳಿಗೂ ನನಗೂ ಏನನ್ನು ಕಲಿಸಿತು ಎಂಬುದನ್ನು ಗಡಿಯಾಚೆಯ ಬೇರೆ ಬೇರೆ ಊರುಗಳಲ್ಲಿ ಕನ್ನಡ ಶಾಲೆ ನಡೆಸುತ್ತಿರುವ ಶಿಕ್ಷಕ ಮಿತ್ರರ ಮುಂದಿಡುವುದಕ್ಕಾಗಿ ಈ ಬರಹ.

ಮೊದಲ ಚಿತ್ರಗಳು

ತಾಳವಾಡಿ ಎಂದರೆ ಓದುಗರಿಗೆ ವರನಟ ರಾಜ್‌ಕುಮಾರ್ ಅವರ ಗಾಜನೂರು ನೆನಪಾಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಪಕ್ಕದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ನಾವು ಇತ್ತ ಉಳಿದೆವು. ಚಾಮರಾಜನಗರದ ಸಂತೆಗೆ ಹೋಗುವುದು ನಮಗೆ ಸುಲಭ. ನಮ್ಮ ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ನಾನು ಎಂಟನೇ ತರಗತಿವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಘಾಟಿ ಇಳಿದು ತಮಿಳಿನಲ್ಲಿ ಓದಿದವನು. ಮಗ್ಗಿಯನ್ನು ಕನ್ನಡದಲ್ಲಿ, ಬೀಜಗಣಿತವನ್ನು ತಮಿಳಿನಲ್ಲಿ ಕಲಿತ ತಲೆ ನನ್ನದು. ಎರಡರ ಋಣವೂ ನನ್ನ ಮೇಲಿದೆ.

ಸುತ್ತೋಲೆ ಓದಿ ಹೇಳಿದ ಮಾರನೇ ದಿನ ಮಕ್ಕಳು ಚಿತ್ರ ಬರೆದು ತಂದರು. ಹನ್ನೊಂದರಲ್ಲಿ ಒಂಬತ್ತು ಚಿತ್ರಗಳಲ್ಲಿ ನಾಲ್ಕಂತಸ್ತಿನ ಗಾಜಿನ ಕಟ್ಟಡ. ಲಿಫ್ಟು, ಹವಾನಿಯಂತ್ರಣ, ಪಾಠ ಹೇಳುವ ಯಂತ್ರಮಾನವ. ಎಲ್ಲರೂ ಮೊಬೈಲಿನಲ್ಲಿ ಕಂಡದ್ದನ್ನೇ ಬರೆದಿದ್ದರು. ಒಂದರಲ್ಲೂ ಜಗುಲಿ ಇಲ್ಲ, ಅಡುಗೆಮನೆ ಇಲ್ಲ, ಮರ ಇಲ್ಲ. ಶಾಲೆಯ ಹೆಸರು ಇಂಗ್ಲಿಷಿನಲ್ಲಿ.

ನಾನು ತಪ್ಪು ಎನ್ನಲಿಲ್ಲ. "ಸುಸ್ಥಿರ ಅಂದರೆ ಏನು?" ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಪುಸ್ತಕದ ಅರ್ಥ ಹೇಳಿದೆ, ತಲೆ ಆಡಿಸಿದರು, ತಲುಪಲಿಲ್ಲ ಎಂದು ನನಗೂ ಗೊತ್ತಾಯಿತು. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗಿ, "ಬಾಳಿಕೆ ಬರೋದು ಅಂತಲಾ ಸಾ?" ಎಂದಳು. ಕೊಡ ಕೊಳ್ಳುವಾಗ, ಚಾಪೆ ಕೊಳ್ಳುವಾಗ ನಮ್ಮ ಹೆಂಗಸರು ಮೊದಲು ಕೇಳುವ ಮಾತು ಅದು: ಬಾಳಿಕೆ ಬತ್ತದಾ? ಕನ್ನಡದ ಬಾಳು, ತಮಿಳಿನ ವಾಳ್ ಎರಡೂ ಒಂದೇ ಬೇರಿನವು. ಬದುಕು ಎಂಬ ಅರ್ಥವೂ ಅದರಲ್ಲೇ ಇದೆ. ಅಂದಿನಿಂದ ನಮ್ಮ ತರಗತಿಯಲ್ಲಿ 'ಸುಸ್ಥಿರ' ಹೋಯಿತು, 'ಬಾಳಿಕೆ' ಉಳಿಯಿತು. ಬಾಳಿಕೆ ಬರುವ ಶಾಲೆಯ ನಕ್ಷೆ ಬರೆಯುವ ಮೊದಲು ಇರುವ ಶಾಲೆಯನ್ನು ಅಳೆಯೋಣ ಎಂದೆ. ಕೋಲು ನೆಟ್ಟದ್ದು ಹಾಗೆ.

ಬಿಸಿಲು ಮತ್ತು ಚಾವಣಿ

ಅದೇ ಕೋಲನ್ನು ಡಿಸೆಂಬರಿನಲ್ಲಿ ಮತ್ತೆ ಅಳೆದೆವು. ನಡುಹಗಲಿನ ನೆರಳು ಉತ್ತರಕ್ಕೆ, ಸುಮಾರು 70 ಸೆಂಟಿಮೀಟರ್. ಅಂದರೆ ಬೇಸಿಗೆಯಲ್ಲೂ ಮಳೆಗಾಲದ ಮೊದಲಲ್ಲೂ ಬಿಸಿಲು ಉತ್ತರದಿಂದ ಬಹಳ ಎತ್ತರದಲ್ಲಿ ಬರುತ್ತದೆ, ಚಳಿಗಾಲದಲ್ಲಿ ದಕ್ಷಿಣದಿಂದ ಓರೆಯಾಗಿ ಬರುತ್ತದೆ. ಎತ್ತರದ ಬಿಸಿಲನ್ನು ಒಂದೆರಡು ಅಡಿ ಚಾಚಿದ ಸೂರು ತಡೆಯುತ್ತದೆ. ಬೆಳಗ್ಗೆ ಪೂರ್ವದಿಂದ, ಸಂಜೆ ಪಶ್ಚಿಮದಿಂದ ಅಡ್ಡಲಾಗಿ ಹೊಡೆಯುವ ಬಿಸಿಲನ್ನು ಯಾವ ಸೂರೂ ತಡೆಯುವುದಿಲ್ಲ. ಆದ್ದರಿಂದ ಕಟ್ಟಡದ ಉದ್ದನೆಯ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡಿರಬೇಕು, ಗಿಡ್ಡ ಗೋಡೆಗಳು ಪೂರ್ವ ಪಶ್ಚಿಮಕ್ಕೆ ಇರಬೇಕು, ಪಶ್ಚಿಮದಲ್ಲಿ ಹೊಂಗೆಯಂಥ ಮರ ಇರಬೇಕು. ಇಷ್ಟನ್ನು ಏಳನೇ ತರಗತಿಯ ಮಕ್ಕಳು ಒಂದು ಬಿದಿರುಕೋಲಿನಿಂದ ಕಂಡುಕೊಂಡರು. ನಮ್ಮ ಶಾಲೆಯ ಹೊಸ ಕೋಣೆ ಇದಕ್ಕೆ ಸರಿಯಾಗಿ ಉಲ್ಟಾ ಇತ್ತು. ಉದ್ದನೆಯ ಗೋಡೆ, ಕಿಟಕಿ ಎಲ್ಲ ಪಶ್ಚಿಮಕ್ಕೆ.

ಆ ಕೋಣೆಗೆ ಸಿಮೆಂಟ್ ಶೀಟು. ಪಕ್ಕದ ಹಳೇ ಕೋಣೆಗೆ ಮಂಗಳೂರು ಹೆಂಚು. ಮಕ್ಕಳು ಪ್ರಯೋಗಾಲಯದ ಉಷ್ಣಮಾಪಕ ಹಿಡಿದು ಮಧ್ಯಾಹ್ನ ಎರಡು ಗಂಟೆಗೆ ಎರಡೂ ಕೋಣೆಯಲ್ಲಿ, ಮರದಡಿಯಲ್ಲಿ ವಾರವಿಡೀ ಬರೆದುಕೊಂಡರು. ಮರದಡಿ ಎಲ್ಲಕ್ಕಿಂತ ತಂಪು, ಶೀಟಿನ ಕೋಣೆ ಎಲ್ಲಕ್ಕಿಂತ ಬಿಸಿ. ಮಧ್ಯಾಹ್ನದ ಊಟ ಮುಗಿಸಿ ಬಂದ ಮಕ್ಕಳು ಆ ಕೋಣೆಯಲ್ಲಿ ತೂಕಡಿಸುತ್ತಿದ್ದುದಕ್ಕೆ ನಾನು ಅವರನ್ನೇ ಗದರುತ್ತಿದ್ದೆ. ತಪ್ಪು ಯಾರದು ಎಂದು ಉಷ್ಣಮಾಪಕ ಹೇಳಿತು.

"ಹಂಗಾದ್ರೆ ಹುಲ್ಲು ಹೊದಿಸಾಣ ಸಾ, ತಂಪಾಗಿರ್ತದೆ" ಎಂದರು. ತಂಪೇನೋ ಹೌದು. ಆದರೆ ಆ ಹೊತ್ತು ನಾನು ಪಾಠ ನಿಲ್ಲಿಸಿ ಕುಂಭಕೋಣದ ಕತೆ ಹೇಳಬೇಕಾಯಿತು. 2004ರ ಜುಲೈ 16ರಂದು ಅಲ್ಲಿನ ಒಂದು ಶಾಲೆಯಲ್ಲಿ ಅಡುಗೆಮನೆಯಿಂದ ಎದ್ದ ಬೆಂಕಿ ಹುಲ್ಲಿನ ಚಾವಣಿಗೆ ಹಿಡಿದು 94 ಮಕ್ಕಳು ಸತ್ತರು. ಅದಾದ ಮೇಲೆ ತಮಿಳುನಾಡಿನ ಶಾಲೆಗಳಲ್ಲಿ ಹುಲ್ಲು, ಗರಿಯ ಚಾವಣಿ ನಿಂತುಹೋಯಿತು. ಹಳೆಯದೆಲ್ಲ ಒಳ್ಳೆಯದು ಎಂಬ ಭ್ರಮೆ ನಮ್ಮಂಥ ವಯಸ್ಸಾದವರಿಗೆ ಬೇಗ ಹತ್ತಿಕೊಳ್ಳುತ್ತದೆ. ಮಕ್ಕಳಿಗೆ ಅದನ್ನು ದಾಟಿಸಬಾರದು. ಅವರು ನಕ್ಷೆಯಲ್ಲಿ ಅಡುಗೆಮನೆಯನ್ನು ತರಗತಿಗಳಿಂದ ದೂರಕ್ಕೆ ಒಯ್ದರು, ಪ್ರತಿ ಕೋಣೆಗೂ ಹೊರಕ್ಕೆ ತೆರೆಯುವ ಎರಡು ಬಾಗಿಲು ಬರೆದರು.

ಶೀಟನ್ನು ಕಿತ್ತು ಎಸೆಯುವ ದುಡ್ಡು ನಮ್ಮಲ್ಲಿಲ್ಲ. ಆಗ ಅವರಿಗೆ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಎಂಬ ಹಳ್ಳಿಯ ಶಾಲೆಯ ಚಿತ್ರ ತೋರಿಸಿದೆ. ಅದೇ ಹಳ್ಳಿಯಲ್ಲಿ ಹುಟ್ಟಿದ ಫ್ರಾನ್ಸಿಸ್ ಕೆರೆ ಜರ್ಮನಿಯಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಅದರ ನಕ್ಷೆ ಮಾಡಿದರು, ಊರಿನವರೇ ಮಣ್ಣಿನ ಇಟ್ಟಿಗೆ ಮಾಡಿ ಕಟ್ಟಿದರು, 2001ರಲ್ಲಿ ಮುಗಿಯಿತು. ಅಲ್ಲೂ ಮೇಲೆ ತಗಡೇ. ಆದರೆ ತಗಡು ಕೋಣೆಯ ಮೇಲೆ ನೇರ ಕೂತಿಲ್ಲ. ಕೆಳಗೊಂದು ಇಟ್ಟಿಗೆಯ ಒಳಚಾವಣಿ, ಅದರಿಂದ ಎತ್ತರದಲ್ಲಿ ತಗಡು, ನಡುವೆ ಗಾಳಿ ಓಡಾಡುವ ಜಾಗ. ತಗಡಿನ ಕಾವನ್ನು ಗಾಳಿ ಹೊತ್ತೊಯ್ಯುತ್ತದೆ. ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಕೆರೆಯವರಿಗೆ 2022ರಲ್ಲಿ ಬಂತು.

ಗಾರೆ ಕೆಲಸ ಮಾಡುವ ಒಬ್ಬ ತಂದೆಯನ್ನು ತರಗತಿಗೆ ಕರೆದೆವು. ಬೆಂಗಳೂರಿನಲ್ಲಿ ಹಲವು ವರ್ಷ ದುಡಿದವರು. ಕರಿಹಲಗೆ ಮುಂದೆ ನಿಲ್ಲಲು ಮೊದಲು ಹಿಂಜರಿದರು, ಆಮೇಲೆ ಒಂದು ಗಂಟೆ ಮಾತಾಡಿದರು. ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಒಣಗಿಸುವ ಇಟ್ಟಿಗೆಯನ್ನು ಅಲ್ಲಿ ಕಂಡಿದ್ದರು. ಅಂಥ ಇಟ್ಟಿಗೆಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಬಹಳ ಕೆಲಸ ಮಾಡಿದ್ದಾರೆ ಎಂದು ನಾನು ಸೇರಿಸಿದೆ. ಕೇರಳದಲ್ಲಿ ಲಾರಿ ಬೇಕರ್ ಬಳಕೆಗೆ ತಂದ ಗೋಡೆಯನ್ನೂ ಅವರು ಬಲ್ಲರು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ಗೋಡೆ. ಇಟ್ಟಿಗೆ ಸುಮಾರು ಕಾಲುಭಾಗ ಉಳಿಯುತ್ತದೆ, ಪೊಳ್ಳಿನ ಗಾಳಿ ಸೆಕೆಯನ್ನು ತಡೆಯುತ್ತದೆ. ಅವರ ಮಗ ಮುಂದಿನ ಸಾಲಿನಲ್ಲಿ ಕುಳಿತು ಅಪ್ಪನನ್ನೇ ನೋಡುತ್ತಿದ್ದ.

ನೀರು, ಬಾಳೆ, ಆನೆ

ತಮಿಳುನಾಡಿನಲ್ಲಿ 2003ರಲ್ಲೇ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ನಮ್ಮ ಶಾಲೆಗೂ ಪೈಪು ಹಾಕಿಸಿದ್ದೆವು. ಅದು ಮುರಿದು ಎಷ್ಟು ವರ್ಷವಾಗಿತ್ತೋ, ಯಾರೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೂರು ಕೋಣೆಗಳ ಚಾವಣಿ 150 ಚದರ ಮೀಟರ್. ಒಂದು ಒಳ್ಳೆಯ ಮಳೆ 20 ಮಿಲಿಮೀಟರ್ ಎಂದರೆ 3,000 ಲೀಟರ್. ಚಾವಣಿ ತೊಳೆದು ಹೋಗುವ ಮೊದಲ ನೀರು, ಸೋರಿಕೆ ಎಂದು ಐದರಲ್ಲಿ ಒಂದು ಪಾಲು ಬಿಟ್ಟರೂ 2,400 ಲೀಟರ್ ಉಳಿಯುತ್ತದೆ. ಅರವತ್ತು ಮಕ್ಕಳು ಕೈ, ತಟ್ಟೆ ತೊಳೆಯಲು ತಲಾ ಎರಡು ಲೀಟರ್ ಬಳಸಿದರೆ ದಿನಕ್ಕೆ 120. ಒಂದು ಮಳೆ ಇಪ್ಪತ್ತು ದಿನದ ಕೈತೊಳೆತಕ್ಕೆ ಸಾಕು. ಮನೆಯಲ್ಲಿ ಅಜ್ಜಿ ಸೂರಿನಡಿ ಹಂಡೆ ಇಡುತ್ತಿದ್ದುದು ಯಾಕೆ ಎಂದು ಮಕ್ಕಳಿಗೆ ಲೆಕ್ಕದ ಮೂಲಕ ಗೊತ್ತಾಯಿತು.

ತಟ್ಟೆ ತೊಳೆದ ನೀರು ಎಲ್ಲಿಗೆ? "ಬಾಳೆಗೆ" ಎಂದು ಮೂರು ಗುಂಪಿನವರೂ ಬರೆದರು. ಎಲ್ಲ ಪುಸ್ತಕಗಳಲ್ಲೂ ಹಾಗೇ ಇದೆ. ಆಗ ಕಾಡಂಚಿನ ಹಾಡಿಯಿಂದ ಬರುವ ಸೋಲಿಗರ ಹುಡುಗ ನಕ್ಕ. ಅವನು ತರಗತಿಯಲ್ಲಿ ಮಾತಾಡುವುದೇ ಅಪರೂಪ. "ಬಾಳೆ ನೆಟ್ರೆ ಆನೆ ಬತ್ತವೆ ಸಾ" ಎಂದ. ತರಗತಿಯೇ ನಕ್ಕಿತು, ಮರುಕ್ಷಣ ಎಲ್ಲರೂ ಸುಮ್ಮನಾದರು. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಕಾಡಿನ ಮಗ್ಗುಲಲ್ಲಿ ನಮ್ಮ ಬದುಕು. ಬಾಳೆತೋಟಕ್ಕೆ ಆನೆ ನುಗ್ಗಿದ ರಾತ್ರಿಗಳನ್ನು ಕಾಣದ ಮನೆ ಅಲ್ಲಿ ಇರಲಿಲ್ಲ. ಬಾಳೆ ಹೋಯಿತು. ಆ ಜಾಗಕ್ಕೆ ಸೊಪ್ಪಿನ ಮಡಿ, ಕರಿಬೇವು, ನಿಂಬೆ ಬಂದವು. ಕಿಟಕಿಗೆ ಬಿದಿರಿನ ತಡಿಕೆ ಮಾಡುವುದಾದರೆ ಬಿದಿರನ್ನು ಕಡಿದು ಕೆಲವು ವಾರ ಹರಿಯುವ ನೀರಿನಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಹುಳು ಹಿಡಿಯುತ್ತದೆ ಎಂದು ಅದೇ ಹುಡುಗ ತಾತನನ್ನು ಕೇಳಿ ಬಂದು ಹೇಳಿದ. ಅಂದಿನಿಂದ ಅವನು ಮೂರನೇ ಗುಂಪಿನ ಮುಖಂಡನಾದ.

ಹುಡುಗಿಯರು ನಾಲ್ಕು ಮಂದಿ. ಅವರು ತಮ್ಮ ಬೇಡಿಕೆಯನ್ನು ಬಾಯಿಬಿಟ್ಟು ಹೇಳದೆ ಒಂದು ಹಾಳೆಯಲ್ಲಿ ಬರೆದು ನನ್ನ ಮೇಜಿನ ಮೇಲಿಟ್ಟು ಹೋದರು. ಶೌಚಾಲಯಕ್ಕೆ ಒಳಗಿನಿಂದ ಚಿಲಕ, ಒಳಗೇ ನಲ್ಲಿ, ಎತ್ತರದಲ್ಲಿ ಕಿಟಕಿ, ಮುಚ್ಚಳ ಇರುವ ಕಸದ ಡಬ್ಬಿ. ಸೌರಫಲಕದ ಬಗ್ಗೆ ಒಂದು ಮಾತೂ ಅದರಲ್ಲಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಗಂಡು, ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇರಬೇಕೆನ್ನುತ್ತದೆ. ನಮ್ಮಲ್ಲಿ ಎರಡೂ ಇದ್ದವು, ದಾಖಲೆಯಲ್ಲಿ ನಾನೇ ಟಿಕ್ ಹಾಕಿದ್ದೆ. ಚಿಲಕ ಮಾತ್ರ ಇರಲಿಲ್ಲ. ಆ ಹಾಳೆ ಓದಿದ ಸಂಜೆ ಮನೆಗೆ ಹೋಗುವ ಮೊದಲು ಅಂಗಡಿಯಿಂದ ಚಿಲಕ ತಂದೆ.

ನಕ್ಷೆಯ ಮೂಲೆಯಲ್ಲಿ

ಎಲ್ಲ ಸೇರಿ ಅಂತಿಮ ನಕ್ಷೆ ಸಿದ್ಧವಾಯಿತು. 'ಬಾಳಿಕೆ' ಎಂಬ ಮಾತು ಕೊಟ್ಟ ಹುಡುಗಿಯೇ ಅದಕ್ಕೆ ಬಣ್ಣ ಹಾಕಿದಳು. ಹಲಗೆಯಲ್ಲಿ ಶಾಲೆಯ ಹೆಸರು ಕನ್ನಡದಲ್ಲೂ ತಮಿಳಿನಲ್ಲೂ ಇತ್ತು. ಜಗುಲಿಯ ತುಂಬ, ಮರದ ಕೆಳಗೆ, ಗೇಟಿನ ಹತ್ತಿರ ಸಣ್ಣ ಸಣ್ಣ ಮಕ್ಕಳನ್ನು ಬರೆದಿದ್ದಳು. ಎಣಿಸಿದರೆ ನೂರಕ್ಕೂ ಹೆಚ್ಚು. ನಮ್ಮಲ್ಲಿ ಇದ್ದದ್ದು ಅರವತ್ತು. "ಇಷ್ಟೊಂದು ಯಾಕಮ್ಮ?" ಎಂದೆ.

"ಮಕ್ಕಳಿಲ್ದೆ ಇದ್ರೆ ಮಳೆನೀರು ಯಾರಿಗೆ ಸಾ?"

ಅವಳ ಸ್ವಂತ ತಮ್ಮ ಆ ವರ್ಷ ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗಲು ಶುರು ಮಾಡಿದ್ದ. ಅವಳ ತಂದೆಯನ್ನು ನಾನು ಬೈಯಲಾರೆ. ಎಂಟನೇ ತರಗತಿ ಮುಗಿದ ಮೇಲೆ ಕನ್ನಡದಲ್ಲಿ ಎಲ್ಲಿ ಓದಿಸಲಿ, ಓದಿದ ಮೇಲೆ ಕೆಲಸ ಎಲ್ಲಿ ಎಂದು ಅವರು ಕೇಳಿದರೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅದೇ ವಾರ ಇನ್ನೊಬ್ಬ ಹುಡುಗ ಏನೂ ಕೆಟ್ಟ ಮನಸ್ಸಿಲ್ಲದೆ ಕೇಳಿದ: "ನಿಮ್ಮ ಮಗ ಯಾವ ಇಸ್ಕೂಲು ಸಾ?" ನನ್ನ ಮಗ ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಹೇಳಿದೆ. ಸುಳ್ಳು ಹೇಳುವ ವಯಸ್ಸು ಅದಾಗಿರಲಿಲ್ಲ. ಈ ಪುಟದಲ್ಲಿ ಕನ್ನಡ ಶಾಲೆ ಉಳಿಯಬೇಕು ಎಂದು ಬರೆಯುವವರಲ್ಲಿ ನನ್ನಂಥವರು ಹಲವರಿದ್ದೇವೆ. ಅದನ್ನು ಒಪ್ಪಿಕೊಂಡೇ ಮುಂದೆ ಮಾತಾಡಬೇಕು.

ಜನವರಿಯಲ್ಲಿ ಮಾದರಿಯನ್ನು ಮಡಿಲಲ್ಲಿಟ್ಟುಕೊಂಡು 27 ತಿರುವು ಇಳಿದೆವು. ಇಬ್ಬರು ವಾಂತಿ ಮಾಡಿಕೊಂಡರು, ಮಾದರಿಗೆ ಏನೂ ಆಗಲಿಲ್ಲ. ವಿವರಣೆಯ ಹಾಳೆ ತಮಿಳು ಅಥವಾ ಇಂಗ್ಲಿಷಿನಲ್ಲಿ ಇರಬೇಕಿತ್ತು. ನಮ್ಮ ತಮಿಳು ಶಿಕ್ಷಕಿ ಮಕ್ಕಳೊಂದಿಗೆ ಕೂತು ಸೊಗಸಾಗಿ ಬರೆಸಿದ್ದರು. ಅದರ ಪಕ್ಕದಲ್ಲಿ ಕನ್ನಡದ ಹಾಳೆಯನ್ನೂ ಅಂಟಿಸಿದೆವು. 2006ರ ಕಾಯ್ದೆಯಂತೆ ಒಂದನೇ ತರಗತಿಯಿಂದಲೇ ತಮಿಳು ಕಲಿತ ಮಕ್ಕಳು, ತಮಿಳಿನಲ್ಲೇ ಉತ್ತರ ಹೇಳಿದರು. 'ಸೂರು' ಎನ್ನುವಲ್ಲಿ ಮಾತ್ರ ಹುಡುಗಿ ತಡವರಿಸಿದಳು, 'ತಾಳ್ವಾರಂ' ಎಂದು ನಾನು ಎತ್ತಿಕೊಟ್ಟೆ. ತೀರ್ಪುಗಾರರೊಬ್ಬರು ಮೆಚ್ಚಿ, "ತಮಿಳು ಇಷ್ಟು ಚೆನ್ನಾಗಿ ಬರುತ್ತದಲ್ಲ, ಕನ್ನಡ ಶಾಲೆ ಯಾಕಮ್ಮ?" ಎಂದು ಕೇಳಿದರು.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಇದನ್ನೆಲ್ಲ ಮನೇಲಿ ಕೇಳಿ ಬರೆದದ್ದು ಸಾರ್. ಮನೇಲಿ ಕನ್ನಡ" ಎಂದು ತಮಿಳಿನಲ್ಲಿ ಹೇಳಿದಳು.

ಬಹುಮಾನ ಬರಲಿಲ್ಲ. ತಿರುಗುವ ಚಕ್ರ, ಮಿನುಗುವ ದೀಪ ಇದ್ದ ಮಾದರಿಗಳಿಗೆ ಬಂತು. ಹಿಂದಿರುಗುವ ಬಸ್ಸಿನಲ್ಲಿ ನಾನು ಅವಳ ಉತ್ತರವನ್ನೇ ಯೋಚಿಸುತ್ತಿದ್ದೆ. ನಮ್ಮ ನಕ್ಷೆಯಲ್ಲಿ ಒಳ್ಳೆಯದು ಏನಿತ್ತೋ ಅದರಲ್ಲಿ ಅರ್ಧ ಮನೆಯಿಂದ ಬಂದದ್ದು. ಗಾರೆ ಕೆಲಸದ ತಂದೆ, ಬಿದಿರು ಬಲ್ಲ ತಾತ, ಹಂಡೆ ಇಡುವ ಅಜ್ಜಿ. ಇವರು ಯಾರೂ ಶಾಲೆಯ ಒಳಗೆ ಬಂದು ಮಾತಾಡಬಲ್ಲವರೆಂದು ನಾವು ಎಣಿಸಿರಲಿಲ್ಲ. ಅವರು ಬಂದರು, ಏಕೆಂದರೆ ಒಳಗಿನ ಮಾತು ಅವರ ಮಾತಾಗಿತ್ತು. ಮನೆಯವರ ತಿಳಿವಳಿಕೆಗೆ ಬಾಗಿಲು ತೆರೆಯದ ಶಾಲೆಯ ಚಾವಣಿಯ ಮೇಲೆ ಎಷ್ಟು ಸೌರಫಲಕ ಕೂರಿಸಿದರೂ ಅದು ಊರಿನದಾಗುವುದಿಲ್ಲ. ಊರಿನದಾಗದ ಶಾಲೆ ಬಾಳಿಕೆ ಬರುವುದಿಲ್ಲ.

ಮಾಡಿ ನೋಡುವವರಿಗೆ

ಶಿಕ್ಷಕ ಮಿತ್ರರಿಗೆ ನಾಲ್ಕು ಮಾತು. ಭವಿಷ್ಯದ ಶಾಲೆಯ ಚಿತ್ರ ಬರೆಸುವ ಮೊದಲು ಈಗಿನ ಶಾಲೆಯನ್ನು ಅಳೆಯಿಸಿ. ಒಂದು ಕೋಲು, ಒಂದು ಉಷ್ಣಮಾಪಕ, ಒಂದು ಅಳತೆ ಟೇಪು ಸಾಕು. ಜೂನ್ ಮತ್ತು ಡಿಸೆಂಬರ್ ಎರಡರಲ್ಲೂ ಅಳೆಯಿರಿ. ಸೊಲ್ಲಾಪುರ, ಜತ್ತದವರಿಗೆ ನೆರಳಿನ ಅಳತೆ ನಮ್ಮಂತೆ ಬರುವುದಿಲ್ಲ, ಕಾಸರಗೋಡಿನವರಿಗೆ ಮಳೆಯ ಲೆಕ್ಕ ಬೇರೆ. ನಿಮ್ಮ ಊರಿನದೇ ಉತ್ತರ ಹುಡುಕಿಸಿ. ಮನೆಯ ಹಿರಿಯರಲ್ಲಿ ಕೈಕೆಲಸ ಬಲ್ಲ ಒಬ್ಬರನ್ನಾದರೂ ತರಗತಿಗೆ ಕರೆಸಿ, ಕುರ್ಚಿ ಕೊಡಿ. ಹುಡುಗಿಯರಿಗೆ ಹೆಸರಿಲ್ಲದೆ ಬರೆಯುವ ಒಂದು ಹಾಳೆ ಕೊಡಿ. ನಕ್ಷೆಯಲ್ಲಿ ಒಂದನ್ನಾದರೂ ಅದೇ ವರ್ಷ ಮಾಡಿಸಿ, ಚಿಲಕವಾದರೂ ಸರಿ. ಇಲ್ಲದಿದ್ದರೆ ಮಕ್ಕಳು ಇದನ್ನೂ ಒಂದು ಚಿತ್ರಕಲೆ ಎಂದುಕೊಳ್ಳುತ್ತಾರೆ.

ನಮ್ಮಲ್ಲಿ ಆದದ್ದು ಮೂರು. ಪಾಲಕರು ಸೇರಿ ಮುರಿದ ಪೈಪು ಸರಿಮಾಡಿಸಿ ಒಂದು ತೊಟ್ಟಿ ಕಟ್ಟಿದರು. ಪಶ್ಚಿಮದ ಗೋಡೆಗೆ ಹೊಂಗೆ ಸಾಲು ಬಂತು. ಚಿಲಕ ಬಂತು. ಶೀಟಿನ ಕೋಣೆ ಹಾಗೇ ಇದೆ.

ಕಳೆದ ಜೂನಿನಲ್ಲಿ ಶಾಲೆಗೆ ಹೋಗಿದ್ದೆ. ಹೊಂಗೆ ಕಿಟಕಿಯ ಎತ್ತರ ದಾಟಿದೆ. ತೊಟ್ಟಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಐದನೇ ತರಗತಿಯವರು ತೆಗೆದು ತೊಳೆಯುತ್ತಿದ್ದರು. ಈಗಿನ ಮುಖ್ಯಶಿಕ್ಷಕಿ ಹಾಜರಿ ಪುಸ್ತಕ ತೋರಿಸಿದರು. ಒಂದನೇ ತರಗತಿಗೆ ಐದು ಹೆಸರು. ಹಿಂದಿನ ವರ್ಷ ನಾಲ್ಕಿತ್ತಂತೆ. ಹೊರಗೆ ಅಂಗಳದಲ್ಲಿ ಆ ಐದರಲ್ಲಿ ಒಬ್ಬ, ನಾವು ನೆಟ್ಟ ಜಾಗದಲ್ಲೇ ಯಾರೋ ಹೊಸದಾಗಿ ನೆಟ್ಟಿದ್ದ ಕೋಲಿನ ನೆರಳನ್ನು ತುಳಿಯಲು ನೋಡುತ್ತಿದ್ದ.